ಧರೆ ಕುಸಿದ ಮಧ್ಯಾಹ್ನ

ಹೊನ್ನಾವರದಲ್ಲಿ ನಾನು ಓದಿದ ಕಾಲೇಜು ಸಣ್ಣದು. ಹುಡುಗಿಯರ ಹಾಸ್ಟೆಲ್ ಎಂದರೆ ಗುಡ್ಡದ ಬುಡದ ಒಂದು ಹಂಚಿನ ಕಟ್ಟಡ. ಸಾಲಾಗಿ ಕೆಲವು ಕೋಣೆಗಳು, ಎದುರಿಗೆ ಅಂಗಳ, ಅಂಗಳದಾಚೆ ಊಟದ ಹಾಲ್. ಕೋಣೆಗಳ ಹಿಂದೆ ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ನಿಲ್ಲಿಸಿದ ಕೆಂಪು ಮಣ್ಣಿನ ಧರೆ. ಮಳೆಗಾಲದಲ್ಲಿ ಅದರ ಮೈಮೇಲೆ ನೀರು ಇಳಿಯುವುದನ್ನು ಕಿಟಕಿಯಿಂದ ನೋಡುತ್ತ ನಾವು ತಲೆ ಬಾಚಿಕೊಳ್ಳುತ್ತಿದ್ದೆವು. ಹೆದರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನನ್ನ ಊರು ಹಿರೇಗುತ್ತಿ. ಕೋಣೆಯ ಗೆಳತಿ ಭಟ್ಕಳದ ಕಡೆಯ ಮೀನುಗಾರರ ಮನೆಯವಳು. ಅವಳು ಹಾರ್ಲಿಕ್ಸ್ ಬಾಟಲಿಯಲ್ಲಿ ತರುತ್ತಿದ್ದ ಒಣಸಿಗಡಿ ಚಟ್ನಿಯನ್ನು ವಾರ್ಡನ್ ಮೇಡಂ ಕಣ್ಣು ತಪ್ಪಿಸಿ ತಿನ್ನುತ್ತಿದ್ದೆವು. ಅವಳ ಅಪ್ಪ ಬೋಟು ನಡೆಸುತ್ತಿದ್ದರು. ಮಗಳನ್ನು ನೋಡಲು ಬಂದರೆ ಗೇಟಿನ ಹೊರಗೇ ನಿಂತು ಎರಡು ಮಾತಾಡಿ ಹೋಗುವ ಮನುಷ್ಯ.

ಆ ಭಾನುವಾರ ಹೊರಗೆ ಬಿಡದ ಮಳೆ; ಬೆಳಗಿನಿಂದಲೇ ಅವಳಿಗೆ ಜ್ವರ. "ನಂಗೆ ಊಟ ಬೇಡ್ವೇ, ನೀ ಹೋಗು" ಎಂದು ಚಾದರ ಹೊದ್ದು ಮಲಗಿದಳು. ಉಳಿದವರೆಲ್ಲ ಊಟಕ್ಕೆ ಹೋದೆವು. ನಾನು ಸಾರು ಬಡಿಸಿಕೊಳ್ಳುತ್ತಿದ್ದೆ. ಲಾರಿಯಿಂದ ಕಲ್ಲು ಸುರಿದಂಥ ಸದ್ದು. ಲೈಟು ಹೋಯಿತು. ಹೊರಗೆ ಓಡಿ ನೋಡಿದರೆ ನಮ್ಮ ಕೋಣೆಯ ಮೇಲೆ ಹಂಚಿನ ಮಾಡೇ ಇರಲಿಲ್ಲ. ಬಾಗಿಲಿನಿಂದ ಕೆಂಪು ಮಣ್ಣು ಅಂಗಳಕ್ಕೆ ಹರಿದು ಬಂದಿತ್ತು. ಅದರೊಳಗಿಂದ ಅವಳ ಮಂಚದ ಕಬ್ಬಿಣದ ಕಾಲೊಂದು ಮೇಲಕ್ಕೆ ಚಾಚಿಕೊಂಡಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಅನ್ನ ಮೆತ್ತಿದ ಕೈಯಲ್ಲೇ ಮಣ್ಣು ಗೋರುತ್ತಿದ್ದೆ. ಮೇಡಂ ಫೋನಿನಲ್ಲಿ ಯಾರಿಗೋ "ಒಬ್ಳು ಒಳಗೇ ಇದಾಳೆ" ಎಂದು ಅಳುತ್ತಿದ್ದರು.

"ಎಂತಾ ಆತ್ರೇ?"

ಹಿಂದೆ ಅವಳೇ ನಿಂತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಜ್ವರದ ಮಾತ್ರೆ. ಗೇಟಿನೆದುರಿನ ಅಂಗಡಿಗೆ ಹೋಗಿದ್ದಳಂತೆ. ನಾನು ಅವಳ ಕೆನ್ನೆಗೆ ಹೊಡೆದೆ, ಆಮೇಲೆ ತಬ್ಬಿಕೊಂಡೆ. ಅವಳು ಮಾತ್ರ ಆ ಮಂಚದ ಕಾಲನ್ನೇ ನೋಡುತ್ತಿದ್ದಳು.

ಅವಳ ಫೋನು ಮಣ್ಣಿನೊಳಗೆ ಹೋಗಿತ್ತು. ನನ್ನ ಫೋನಿನಿಂದ ಅವಳ ಮನೆಗೆ ಹಚ್ಚಿದಾಗ ಅವಳ ಅಮ್ಮ ಮಗಳ ದನಿ ಕೇಳಿ ಹೋ ಎಂದು ಅತ್ತರು. ಹಾಸ್ಟೆಲ್ ಬಿದ್ದ ಸುದ್ದಿ ವಾಟ್ಸಾಪಿನಲ್ಲಿ ಆಗಲೇ ಭಟ್ಕಳ ಮುಟ್ಟಿತ್ತು; ಒಳಗೆ ಸಿಕ್ಕಿದವಳು ಯಾರೆಂಬುದೂ ಗೊತ್ತಾಗಿತ್ತು. "ಅಪ್ಪ ಹೊರಟೋದ್ರು ಮಗಾ, ಮೊಬೈಲು ಇಲ್ಲೇ ಬಿಟ್ಟೋಗಾರೆ" ಎಂದರು.

ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮೀನು ಸಾಗಿಸುವ ಪಿಕಪ್ಪೊಂದು ಗೇಟಿನೊಳಗೇ ನುಗ್ಗಿತು. ಬೋಟಿನ ಗಂಡಸರೆಲ್ಲ ಹಾರೆ, ಗುದ್ದಲಿ, ಹಗ್ಗ ಹಿಡಿದು ಧುಮುಕಿದರು. ಎಲ್ಲರಿಗಿಂತ ಮುಂದೆ ಅವಳ ಅಪ್ಪ. ಊಟದ ಹಾಲಿನ ಜಗಲಿಯಲ್ಲಿ ನಿಂತಿದ್ದ ನಮ್ಮ ಪಕ್ಕದಿಂದಲೇ ಓಡಿಹೋಗಿ ಅಗೆಯತೊಡಗಿದರು. ಇವಳು ಹಿಂದೆಯೇ ಓಡಿದಳು.

"ಅಪ್ಪಾ, ನಾ ಇಲ್ಲೇ ಇದ್ನಲಾ!"

ಅವರು ತಿರುಗಿ ಅವಳ ಮುಖವನ್ನೇ ನೋಡಿದರು. "ಬದಿಗೆ ಸರಿ ಮಗಾ, ನನ್ನ ಮಗ್ಳು ಒಳಗಿದಾಳೆ" ಎಂದು ಮತ್ತೆ ಗುದ್ದಲಿ ಎತ್ತಿದರು.

ಕಡೆಗೆ ಅವಳು ಅಪ್ಪನ ಎರಡೂ ಕೈ ಹಿಡಿದು ಗುದ್ದಲಿಗೆ ಜೋತುಬಿದ್ದಳು. ಅವರು ಕೆಸರುಗೈಯಲ್ಲಿ ಅವಳ ಗಲ್ಲ ಮುಟ್ಟಿದರು, ಮಣ್ಣಿನ ರಾಶಿಯತ್ತ ನೋಡಿದರು, ಮತ್ತೆ ಅವಳನ್ನು ನೋಡಿದರು. ಜೊತೆಗಾರರ ಕಡೆ ತಿರುಗಿ, "ಇವ್ಳೇ ಹೌದನ್ರಾ?" ಎಂದು ಕೇಳಿದರು.

"ಹೌದಾ ಮಾರಾಯಾ, ಇವ್ಳೇಯ" ಎಂದ ಒಬ್ಬ. ಅವರು ನಿಂತಲ್ಲೇ ಕುಸಿದು ಕೂತರು. ಎಷ್ಟು ಹೇಳಿದರೂ ಗುದ್ದಲಿ ಬಿಡಲಿಲ್ಲ. ಮಗಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗುವಾಗಲೂ ಅದು ಅವರ ಕೈಯಲ್ಲೇ ಇತ್ತು.

ಆ ಕಟ್ಟಡ ಮತ್ತೆ ತೆರೆಯಲಿಲ್ಲ. ನಮ್ಮನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಬಾಡಿಗೆ ಮನೆಗೆ ಸೇರಿಸಿದರು. ಗೆಳತಿ ಮಾತ್ರ ಆ ಕೊನೆಯ ವರ್ಷವಿಡೀ ಭಟ್ಕಳದಿಂದ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದಳು. ಒಮ್ಮೆ ಅವಳ ಮನೆಗೆ ಹೋಗಿದ್ದಾಗ ಅವಳ ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು: "ನೀವೀಗ ಇರೂ ಮನೆ ಹಿಂದೆ ಎಂತ ಅದೆ?"

"ರಸ್ತೆ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮುಂದಿನ ವಾರ ತಾವೇ ಹೊನ್ನಾವರಕ್ಕೆ ಬಂದು ಆ ಮನೆಗೆ ಒಂದು ಸುತ್ತು ಹಾಕಿ, ಹಿತ್ತಿಲ ಗೋಡೆಯನ್ನು ಕೈಯಿಂದ ದೂಡಿ ನೋಡಿ ಹೋದರು.