ಶುಕ್ರವಾರದ ಫೋನು

ನನ್ನ ತಲೆ ಓಡುವ ರೀತಿಗೆ ಆಟಿಸಂ ಎಂಬ ಹೆಸರುಂಟೆಂದು ಡಾಕ್ಟರು ಹೇಳಿದ್ದು ಮೊನ್ನೆ ಮೊನ್ನೆ. ಮದುವೆಯಾಗಿ ಉಳ್ಳಾಲದಿಂದ ಬಂದರಿನ ಈ ಮನೆಗೆ ಬಂದ ಹೊಸದರಲ್ಲಿ ಅದಕ್ಕಿದ್ದ ಹೆಸರು ಜಂಬ.

ಗಂಡ ಕುವೈತಿಗೆ ಹೋಗಿಯಾಗಿತ್ತು. ಪ್ರತಿ ಶುಕ್ರವಾರ ಊಟವಾದ ಮೇಲೆ ಅವರ ಫೋನು. ನಮ್ಮಲ್ಲಿ ಫೋನೆಂದರೆ ಸ್ಪೀಕರಿನಲ್ಲೇ. ಅತ್ತೆಯ ಕೈಯಿಂದ ನಾದಿನಿಯ ಕೈಗೆ, ಕೊನೆಗೆ ನನ್ನ ಕೈಗೆ. "ಮತ್ತೆ?" ಎನ್ನುತ್ತಿದ್ದರು ಅವರು. ಅಬ್ಬಾ, ಆ ಒಂದು ಶಬ್ದ! ಮತ್ತೆ ಎಂತ? ಹೇಳುವುದಿದ್ದರೆ ಮೊದಲೇ ಹೇಳುತ್ತಿರಲಿಲ್ಲವೇ? ಬಾಯಿಗೆ ಬೀಗ ಹಾಕಿದವಳಂತೆ ಕೂರುತ್ತಿದ್ದೆ. ಅವರ ಮೇಲೆ ನನಗೆ ಬೆಟ್ಟದಷ್ಟು ಪ್ರೀತಿ. ಅದನ್ನು ಸೆಕೆ, ಮಳೆ, ಮೀನಿನ ಸುದ್ದಿಯೊಳಗೆ ಹೇಗೆ ತುರುಕುವುದೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಅತ್ತೆ ಸುಮ್ಮನಿರಲಿಲ್ಲ. ಹುಡುಗಿಗೆ ನಿನ್ನ ಮೇಲೆ ಮನಸ್ಸಿಲ್ಲ, ಒತ್ತಾಯದ ಮದುವೆ ಇರಬೇಕು, ತವರಿಗೆ ಕಳಿಸಿ ವಿಚಾರಿಸುವ ಎಂದು ಫೋನಿನಲ್ಲಿ ಮಗನಿಗೆ ಹೇಳಿದ್ದು ಅಡುಗೆಕೋಣೆಯಲ್ಲಿದ್ದ ನನಗೆ ಕೇಳಿಸಿತು. 

ಮುಂದಿನ ಶುಕ್ರವಾರಕ್ಕೆ ಉಳ್ಳಾಲದ ನನ್ನ ಅಕ್ಕ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದಳು. ಮೊದಲು ಊಟ, ಆಮೇಲೆ ಸೆಕೆ, ಕೊನೆಗೆ ಕೆಲಸ. ಊಟ ಆಯಿತಾ ಎಂದು ಕೇಳಿದೆ. ಆಯಿತು, ರೂಮಿನ ಎಸಿ ಕೆಟ್ಟಿದೆ, ರಾತ್ರಿಯಿಡೀ ಬೆವರಿ ನಿದ್ದೆಯೇ ಇಲ್ಲ ಎಂದರು. ನನ್ನ ಬಾಯಿಪಾಠದಲ್ಲಿ ಮುಂದಿನದು ಸೆಕೆ. "ಅಲ್ಲಿ ಸೆಕೆ ಉಂಟಾ?" ಎಂದು ಕೇಳಿಬಿಟ್ಟೆ.

 ಎದುರಿನ ಸೋಫಾದಲ್ಲಿ ಅತ್ತೆ ನನ್ನನ್ನೇ ನೋಡುತ್ತ ಕೂತಿದ್ದರು.

"ನಿನಗೆ ನನ್ನಲ್ಲಿ ಮಾತಾಡ್ಲಿಕ್ಕೆ ಇಷ್ಟ ಇಲ್ವಾ?" ಎಂದು ಫೋನಿನಲ್ಲಿ ಅವರು ಕೇಳಿದರು.

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಹುಟ್ಟುಗುಣ. "ಇಲ್ಲ," ಎಂದೆ.

ಅತ್ತೆ ಎದ್ದು ನಿಂತರು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ.  ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಮಾತಾಡ್ಲಿಕ್ಕೆ ಇಷ್ಟ ಇಲ್ಲ. ನೀವು ಇಷ್ಟ. ಶುಕ್ರವಾರ ಬೆಳಿಗ್ಗೆಯಿಂದ ಮಾತು ಹುಡುಕಿ ಹುಡುಕಿ ನನಗೆ ಊಟ ಸೇರುವುದಿಲ್ಲ. ಆದ್ರೆ ನೀವು ಫೋನ್ ಇಟ್ಟ ಕೂಡಲೇ ಅಳು ಬರ್ತದೆ."

 "ಹಾಗಾದ್ರೆ ಮಾತಾಡ್ಬೇಡ. ಕಟ್ ಮಾಡ್ಬೇಡ, ಅಷ್ಟೆ," ಎಂದರು ಅವರು.

ಫೋನನ್ನು ಮೇಜಿನ ಮೇಲಿಟ್ಟು ಒಣಗಿದ ಬಟ್ಟೆ ಮಡಚತೊಡಗಿದೆ. ಅಲ್ಲಿಂದ ಅವರು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅತ್ತೆಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಾಗಿ, ಎಂತ ಮಾರಾಯ, ಇಬ್ಬರಿಗೂ ಬಾಯಿ ಬಿದ್ದುಹೋಯಿತಾ ಎಂದು ಕೇಳಿದರು.

"ಸ್ವಲ್ಪ ಸುಮ್ಮನಿರಿ ಉಮ್ಮ," ಎಂದರು ಅವರು. "ನಾವು ಮಾತಾಡ್ತಾ ಇದ್ದೇವೆ."