ಗೌರಿ ಹಬ್ಬಕ್ಕೆ ಬಂದ ಕಾರು

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅಮ್ಮ ಒಬ್ಬಳೇ. ಅಪ್ಪ ಕಲಿಯಲೇ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲಿ ಬಂದು, ಹಾಗೇ ನಿವೃತ್ತರಾದರು. ನನ್ನ ಬಳಿ ಲೈಸೆನ್ಸ್ ಇದೆ, ಆದರೆ ಪಾಠ ಮಾಡಲು ಜಯನಗರದ ಕಾಲೇಜಿಗೆ ಹೋಗುವುದು ಮೆಟ್ರೋದಲ್ಲಿ. ಹಾಗಾಗಿ ಕಳೆದ ವರ್ಷ ಕಾರು ಕೆಟ್ಟು ನಿಂತಾಗ, ಅದನ್ನು ರಿಪೇರಿ ಮಾಡಿಸುವುದೋ ಕೊಟ್ಟು ಹೊಸದು ತರುವುದೋ ಎಂದು ನಾವು ಮೂವರೂ ವಾರಗಟ್ಟಲೆ ಮಾತಾಡಿದೆವು. ಅಮ್ಮ ಇನ್ನು ಮುಂದೆ ಓಡಿಸುತ್ತಾಳೋ ಇಲ್ಲವೋ ಎಂಬುದೇ ಅಲ್ಲಿ ತೀರ್ಮಾನವಾಗುತ್ತಿದೆ ಎಂದು ನನಗೆ ಹೊಳೆಯಲು ಸ್ವಲ್ಪ ಕಾಲ ಬೇಕಾಯಿತು. ಅವಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ಕಾರು ಅಮ್ಮನ ತವರಿನದು. ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ವಸಂತಪುರದ ಹಳೆಯ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾದ ಮೇಲೆ ಅವರು ಬಾಡಿಗೆ ಮನೆಗಳನ್ನು ಕಟ್ಟಿದರು, ದೊಡ್ಡ ಕಾರೊಂದನ್ನು ಕೊಂಡರು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದವರು ತಮ್ಮ ಹಳೆಯ, ಸಣ್ಣ ಬಿಳಿ ಕಾರಿನಲ್ಲಿ ಬಂದರು. ಮೊರದ ಬಾಗಿನ ಮುಂದಿನ ಸೀಟಿನಲ್ಲಿ ಕೂತಿತ್ತು. ಅದನ್ನು ಅಮ್ಮನ ಕೈಗೆ ಕೊಟ್ಟು, ಕಾರಿನ ಕೀಲಿಯನ್ನು ಮೇಲಿಟ್ಟು, "ಇದೂ ಬಾಗಿನಾನೇ ಅನ್ಕೊಳಮ್ಮ. ಅವ್ವನ್ನ ನೋಡೋಕೆ ಆಟೋದವರ ಕಾಲು ಹಿಡೀಬೇಡ" ಎಂದು ಹೇಳಿ ತಾವು ಬಸ್ಸು ಹತ್ತಿ ಹೋದರು.

ಅಜ್ಜಿ ಆಗ ಹಾಸಿಗೆ ಹಿಡಿದಿದ್ದರು. ಬನಶಂಕರಿಯ ನಮ್ಮ ಮನೆಯಿಂದ ವಸಂತಪುರಕ್ಕೆ ಎಂದರೆ ಆಟೋದವರು ಮುಖ ತಿರುಗಿಸುತ್ತಿದ್ದ ಕಾಲ. ನಲವತ್ತೈದು ದಾಟಿದ್ದ ಅಮ್ಮ ಡ್ರೈವಿಂಗ್ ಶಾಲೆಗೆ ಸೇರಿದಳು. ಸೀರೆಯನ್ನು ಪಾದದಿಂದ ಮೇಲಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದಳು. ಈಗಲೂ ಹಾಗೆಯೇ. ಅಜ್ಜಿ ಹೋದ ಮೇಲೂ ಅವಳು ಓಡಿಸುವುದನ್ನು ಬಿಡಲಿಲ್ಲ. ಭಜನೆಯ ಗೆಳತಿಯರು ಹಿಂದಿನ ಸೀಟಿನಲ್ಲಿ ಒತ್ತಿ ಕೂರುತ್ತಿದ್ದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವು, ಹಣ್ಣು ಕೊಂಡು, ಅವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಬಿಟ್ಟು ಬರುವಾಗ ಅವಳ ಮುಖದಲ್ಲಿ ಒಂದು ಯಜಮಾನಿಕೆ ಇರುತ್ತಿತ್ತು. ಮನೆಯೊಳಗೆ ನಾನು ಅದನ್ನು ಕಂಡದ್ದು ಕಡಿಮೆ.

ಕೆಟ್ಟು ನಿಂತದ್ದೂ ಗೌರಿ ಹಬ್ಬದ ದಿನವೇ. ತವರಿನಿಂದ ನಾವು ಮೂವರೂ ಹಿಂದಿರುಗುವಾಗ ಕೋಣನಕುಂಟೆ ಕ್ರಾಸಿನ ಹತ್ತಿರ ಎಂಜಿನ್ ಜೋರಾಗಿ ಅರಚಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಹಿಂದೆ ಹಾರ್ನುಗಳ ಗದ್ದಲ. ಆಟೋ ಡ್ರೈವರ್ ಒಬ್ಬ ಇಳಿದು ಬಂದ.

"ಆಂಟಿ, ನೀವು ಸ್ಟೇರಿಂಗ್ ಹಿಡ್ಕೊಂಡು ಕೂತ್ಕೊಳಿ ಸಾಕು. ಸಾರ್, ನೀವ್ ಇಳೀರಿ. ದೇವರ ಥರ ಕೂತಿದೀರಲ್ಲ!"

ಅಪ್ಪ ಬಾಗಿನದ ಚೀಲವನ್ನು ಎದೆಗೆ ಅವಚಿಕೊಂಡೇ ಇಳಿದರು. ನಾನೂ ಆ ಆಟೋ ಡ್ರೈವರೂ ತಳ್ಳಿದೆವು. ರಸ್ತೆಯ ಪಕ್ಕಕ್ಕೆ ಬಂದು ನಿಂತ ಮೇಲೂ ಅಮ್ಮ ಸ್ಟೇರಿಂಗ್ ಬಿಡಲಿಲ್ಲ. ಕಿಟಕಿಯಿಂದ ನೋಡಿದಾಗ ಅವಳು ನನ್ನತ್ತ ತಿರುಗದೆ, "ನಾನೇನೂ ತಪ್ಪು ಮಾಡ್ಲಿಲ್ಲ ಕಣೇ" ಅಂದಳು. ಯಾರೂ ಹಾಗೆ ಹೇಳಿರಲಿಲ್ಲ.

ಸಾರಕ್ಕಿಯ ಹಿಂದಿನ ಬೀದಿಯಲ್ಲಿ ನಮಗೆ ಗೊತ್ತಿರುವ ಗ್ಯಾರೇಜು ಇದೆ. ಅದರ ಮಾಲೀಕರು ಕಾರನ್ನು ಎತ್ತಿಸಿ ಕೆಳಗಿನಿಂದ ನೋಡಿದರು.

"ಕ್ಲಚ್ ಹೋಗಿದೆ, ಅದು ದೊಡ್ಡ ವಿಷಯ ಅಲ್ಲ. ಕೆಳಗೆ ತುಕ್ಕು ಹಿಡಿದಿದೆ ಮೇಡಂ. ವೆಲ್ಡಿಂಗ್ ಮಾಡಿ ಕೊಡ್ತೀನಿ, ಒಂದೆರಡು ವರ್ಷ ಓಡುತ್ತೆ. ಆಮೇಲೆ ಮತ್ತೆ ಇಲ್ಲಿಗೇ ಬರ್ತೀರಾ. ಯೋಚನೆ ಮಾಡಿ, ನನಗೇನೂ ಅರ್ಜೆಂಟ್ ಇಲ್ಲ."

ಅಪ್ಪನಿಗೆ ಯೋಚಿಸುವುದೇನೂ ಉಳಿದಿರಲಿಲ್ಲ. ಆಯುಧಪೂಜೆ ಹತ್ತಿರ ಬರುತ್ತಿತ್ತು. ಹೊಸ ಗಾಡಿ ತರಲು ಅದಕ್ಕಿಂತ ಒಳ್ಳೆಯ ಕಾಲ ಯಾವುದು ಎಂದರು. ನಾನು ಅವರ ಪರವಾಗಿಯೇ ಇದ್ದೆ. ಅಮ್ಮನಿಗೆ ಗೇರು ಬದಲಿಸುವ, ಕ್ಲಚ್ ತುಳಿಯುವ ಕಷ್ಟವಿಲ್ಲದ ಆಟೋಮ್ಯಾಟಿಕ್ ಕಾರು ಅನುಕೂಲ ಎಂದು ಲೆಕ್ಕ ಹಾಕಿದ್ದೆ. ಅವಳ ಮಂಡಿ ನೋಯುತ್ತದೆ ಎಂಬುದೂ ಆ ಲೆಕ್ಕದಲ್ಲಿತ್ತು.

ಮನೆಗೆ ಬಂದ ಮೇಲೆ ಅಮ್ಮ ಒಂದೇ ಮಾತು ಹಿಡಿದಳು. "ತವರಿನವರು ಹಬ್ಬಕ್ಕೆ ಕೊಟ್ಟಿದ್ದು. ಅದನ್ನ ಮಾರೋದಾ? ಅಣ್ಣ ಏನಂದ್ಕೋತಾನೆ?"

ಅಪ್ಪ ಅಲ್ಲೇ ಮಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಮಾವ ಜೋರಾಗಿ ನಕ್ಕರು.

"ಅಯ್ಯೋ ತಾಯಿ, ಕೊಟ್ಟಾಗ್ಲೇ ಹಳೇದಲ್ವಾ ಅದು! ಇನ್ನೂ ಓಡಿಸ್ತಾ ಇದ್ದೀಯಾ ಅನ್ನೋದೇ ನನಗೆ ಆಶ್ಚರ್ಯ. ಗುಜರಿಗೆ ಹಾಕು ಅತ್ಲಾಗೆ. ಅದೇನು ಅರಿಶಿನ ಕುಂಕುಮಾನಾ, ಮಡಿಲಲ್ಲಿ ಕಟ್ಕೊಂಡು ಇರೋಕೆ?"

"ಆಯ್ತಣ್ಣ," ಎಂದು ಅಮ್ಮ ಅಡುಗೆ ಮನೆಗೆ ಹೋದಳು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಗೆದ್ದವರ ಹಾಗೆ.

ಶನಿವಾರ ಷೋರೂಮಿಗೆ ಹೋದೆವು. ಅಲ್ಲಿನ ಸೇಲ್ಸ್‌ಮನ್ ಬಹಳ ವಿನಯದಿಂದ ಎಲ್ಲವನ್ನೂ ಅಪ್ಪನಿಗೆ ವಿವರಿಸಿದ. ಓಡಿಸುವವರು ಮೇಡಂ ಎಂದು ನಾನು ಹೇಳಿದ ಮೇಲೆ, ಅದೇ ವಿನಯದಿಂದ ಕೀಲಿಯನ್ನು ನನಗೆ ಕೊಟ್ಟ. ನಾನು ಅದನ್ನು ಅಮ್ಮನಿಗೆ ದಾಟಿಸಿದೆ. ಅವಳು ಚಪ್ಪಲಿ ಬಿಡಲಿಲ್ಲ. ಸೀಟಿನ ತುದಿಯಲ್ಲಿ ಕೂತು, ಗಾಜಿನ ಈ ಮೂಲೆ ಆ ಮೂಲೆ ನೋಡಿದಳು, ಕೈಯನ್ನು ಸ್ಟೇರಿಂಗ್ ಮೇಲೆ ಇಟ್ಟು ತೆಗೆದಳು. "ಚೆನ್ನಾಗಿದೆ" ಎಂದು ಇಳಿದು, "ನೀನೇ ಓಡ್ಸು" ಅಂದಳು. ನಾನು ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವಳು ಸೆರಗನ್ನು ಸರಿಮಾಡಿಕೊಳ್ಳುತ್ತಾ ಯಾರದೋ ಮನೆಗೆ ಹೋಗುತ್ತಿರುವವಳ ಹಾಗೆ ಕೂತಿದ್ದಳು.

ನಮ್ಮ ಮನೆಯಲ್ಲಿ ಅಮ್ಮನ "ಚೆನ್ನಾಗಿದೆ" ಎಂಬುದಕ್ಕೆ ಒಂದು ತೂಕವಿದೆ. ಇಷ್ಟವಾದ ಸೀರೆಯನ್ನು ಅವಳು ಹೊಗಳುವುದಿಲ್ಲ, ಸುಮ್ಮನೆ ಉಟ್ಟುಬಿಡುತ್ತಾಳೆ. ಚೆನ್ನಾಗಿದೆ ಎಂದದ್ದು ಬೀರು ಸೇರುತ್ತದೆ.

ಆಮೇಲಿನ ದಿನಗಳಲ್ಲಿ ಅವಳು ಆಟೋ ಹತ್ತಿದಳು. "ಆರಾಮಾಗಿದೆ ಕಣೇ, ಪಾರ್ಕಿಂಗ್ ಹುಡುಕೋ ತಲೆನೋವಿಲ್ಲ" ಎಂದಳು. ಬಳಿಕ ಒಂದು ಗುರುವಾರ ಭಜನೆಗೆ ಹೋಗಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಗೆಳತಿಯೊಬ್ಬರು ಫೋನ್ ಮಾಡಿದಾಗ, "ಇನ್ನೇನು, ಓಡಿಸಿದ್ದು ಸಾಕು ಅನ್ಸುತ್ತೆ, ವಯಸ್ಸಾಯ್ತಲ್ಲ" ಎಂದು ಅಮ್ಮ ಅನ್ನುವುದು ಕೇಳಿಸಿತು. ಹೊಸ ಕಾರು ಬಂದರೆ ಅದು ಗೇಟಿನೊಳಗೆ ಬಟ್ಟೆ ಹೊದ್ದು ನಿಲ್ಲುತ್ತದೆ, ಅಮ್ಮ ಒಳಗೆ ಕೂರುತ್ತಾಳೆ ಎಂದು ಆಗ ಸ್ಪಷ್ಟವಾಗಿ ಕಂಡಿತು. ಕಾರಣ ಮಾತ್ರ ತಿಳಿಯಲಿಲ್ಲ. ನಮ್ಮಿಬ್ಬರಿಗೂ ಕೇಳಿ ತಿಳಿದುಕೊಳ್ಳುವ ಅಭ್ಯಾಸ ಕಡಿಮೆ.

ಕಾರನ್ನು ಕೊಡುವ ಮೊದಲು ಒಳಗಿರುವ ಸಾಮಾನು ತೆಗೆದುಕೊಂಡು ಬಾ ಎಂದು ಅಪ್ಪ ನನ್ನನ್ನು ಗ್ಯಾರೇಜಿಗೆ ಕಳಿಸಿದರು. ಕಾಲೇಜಿನಿಂದ ಬರುವಾಗ ಹೋದೆ. ಹಿಂದಿನ ಸೀಟಿನಿಂದ ಛತ್ರಿ, ಬಟ್ಟೆಯ ಚೀಲಗಳನ್ನು ತೆಗೆದು, ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತೆ. ನಾನು ಆ ಕಾರಿನಲ್ಲಿ ಅದುವರೆಗೆ ಆ ಕಡೆ ಕೂತೇ ಇರಲಿಲ್ಲ. ಯಾವಾಗಲೂ ಅಮ್ಮನ ಎಡಕ್ಕೆ.

ಮುಂದಿನ ಗಾಜಿನ ಕೆಳಗಡೆ, ಎಡಭಾಗದಲ್ಲಿ, ಒಂದು ಕಡುಗೆಂಪು ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿತ್ತು. ಬಲಗಡೆ ಇನ್ನೊಂದು. ಹಿಂದಿನ ಗಾಜಿನಲ್ಲಿ ಒಂದು, ಪಕ್ಕದ ಕನ್ನಡಿಯ ಅಂಚಿನಲ್ಲಿ ಒಂದು ಚಿಕ್ಕದು. ಅವನ್ನು ವರ್ಷಗಳಿಂದ ನೋಡಿದ್ದೆ. ನಮ್ಮ ಮನೆಯ ಬಚ್ಚಲ ಕನ್ನಡಿಯ ಮೇಲೆ ಇರುವ ಹಾಗೆ, ಹಣೆಯಿಂದ ತೆಗೆದು ಅಂಟಿಸಿ ಮರೆತವು ಎಂದೇ ಅಂದುಕೊಂಡಿದ್ದೆ. ಅಪ್ಪನೂ ಹಾಗೇ ತಿಳಿದಿದ್ದರು. ಪ್ರತಿ ಆಯುಧಪೂಜೆಗೆ ಕಾರು ತೊಳೆಯುವಾಗ, "ಇವಳ ಬೊಟ್ಟಿಗೆ ಜಾಗಾನೇ ಸಾಲದು" ಎಂದು ಗೊಣಗುತ್ತಾ ಬ್ಲೇಡಿನಿಂದ ಒಂದೊಂದನ್ನೂ ಕೆರೆದು ತೆಗೆಯುತ್ತಿದ್ದರು. ಮಾರನೆಯ ದಿನ ಅಮ್ಮ ಒಬ್ಬಳೇ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು, ಬೊಟ್ಟುಗಳು ಮತ್ತೆ ಬಂದಿರುತ್ತಿದ್ದವು.

ಕಾರನ್ನು ಗ್ಯಾರೇಜಿನ ಮುಂದೆ ರಸ್ತೆ ಬದಿಗೆ ನಿಲ್ಲಿಸಿದ್ದರು; ಅಲ್ಲಿನ ಚರಂಡಿಯ ಕಲ್ಲಂಚು ನಾನು ಕೂತಲ್ಲಿಂದ ನೋಡಿದರೆ ಆ ಎಡಗಡೆಯ ಬೊಟ್ಟನ್ನು ಸರಿಯಾಗಿ ಮುಟ್ಟಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಇಳಿದು ನೋಡಿದೆ. ಎಡಗಡೆಯ ಚಕ್ರ ಆ ಅಂಚಿನಿಂದ ಒಂದು ಗೇಣು ಈಚೆಗಿತ್ತು. ಮತ್ತೆ ಹೋಗಿ ಕೂತೆ.

ಸಂಜೆ ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನಾರು ತೆಗೆಯುತ್ತಾ ಕೇಳಿದೆ.

"ಆ ಬೊಟ್ಟುಗಳು ಯಾವುದಕ್ಕಮ್ಮ?"

ಅವಳ ಕೈ ನಿಂತಿತು. ಆಮೇಲೆ ನಕ್ಕಳು. ನಾಚಿಕೆಯಾದಾಗ ಅವಳು ನಗುವುದು ಹಾಗೆ, ಬಾಯಿ ಮುಚ್ಚಿಕೊಂಡು.

"ಎಡಗಡೆಯದು ರಸ್ತೆ ಅಂಚಿಗೆ. ಬಲಗಡೆಯದು ನಮ್ಮ ಗೇಟಿನ ಕಂಬಕ್ಕೆ. ಕಂಬ ಅದರ ಹತ್ರ ಬಂದಾಗ ಸ್ಟೇರಿಂಗ್ ತಿರುಗಿಸ್ಬೇಕು. ಹಿಂದಿನದು ರಿವರ್ಸಿಗೆ. ನಿಮ್ಮಪ್ಪಂಗೆ ಹೇಳ್ಬೇಡ, ಊರಿಗೆಲ್ಲಾ ಡಂಗುರ ಹೊಡೀತಾರೆ."

"ಹೊಸ ಕಾರಿಗೂ ಅಂಟಿಸ್ಬಹುದಲ್ಲ."

"ಎಲ್ಲಿ ಅಂತ ಅಂಟಿಸ್ಲಿ? ಇದರಲ್ಲಿ ಒಂದೊಂದಕ್ಕೂ ಜಾಗ ಹುಡುಕೋಕೆ ಎಷ್ಟು ಸಲ ಗೇಟಿಗೆ ಗುದ್ದಿದ್ದೀನಿ ಗೊತ್ತಾ? ಆಗ ಅವ್ವ ಮಲಗಿದ್ಳು, ಹೋಗಲೇಬೇಕಿತ್ತು, ಅದಕ್ಕೆ ಕಲಿತೆ." ಅವಳು ಕಾಯಿಗಳನ್ನು ಒಟ್ಟು ಮಾಡಿದಳು. "ಈಗ ಯಾರು ಕಾಯ್ತಾ ಇದ್ದಾರೆ? ಇದ್ದ ಧೈರ್ಯ ಎಲ್ಲಾ ಅದೊಂದು ಕಾರಿಗೆ ಖರ್ಚಾಗೋಯ್ತು ಕಣೇ."

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಗ್ಯಾರೇಜಿಗೆ ಫೋನ್ ಮಾಡಿ, ಕ್ಲಚ್ಚೂ ಹಾಕಿ, ವೆಲ್ಡಿಂಗೂ ಮಾಡಿ, ಗಾಜು ಮಾತ್ರ ಒರೆಸಬೇಡಿ ಎಂದೆ. ಅಪ್ಪನಿಗೆ, ರಿಪೇರಿ ಮಾಡಿಸೋಣ, ಒಂದೆರಡು ವರ್ಷ ನೋಡೋಣ ಎಂದಷ್ಟೇ ಹೇಳಿದೆ. ಅವರು ಒಂದು ದಿನ ಮುನಿಸಿಕೊಂಡರು.

ಕಾರು ಹಿಂದೆ ಬಂದ ದಿನ ನಾನೊಂದು ಸಣ್ಣ ಸಂಭ್ರಮವನ್ನು ನಿರೀಕ್ಷಿಸಿದ್ದೆ. ಅಮ್ಮ ಚಪ್ಪಲಿ ಬಿಟ್ಟು, ಸೀರೆ ಸಿಕ್ಕಿಸಿ ಕೂತಳು. ಗ್ಯಾರೇಜಿನ ಬಾಗಿಲಲ್ಲೇ ಕಾರು ಒಮ್ಮೆ ಕುಪ್ಪಳಿಸಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು.

"ಇದು ನನ್ನ ಕಾರಲ್ಲ," ಎಂದಳು ಅಮ್ಮ.

ಗ್ಯಾರೇಜಿನವರು ಕಿಟಕಿಗೆ ಬಾಗಿದರು. "ಹಳೇ ಕ್ಲಚ್ ಸವೆದೋಗಿತ್ತು ಮೇಡಂ, ಕಾಲು ಪೂರ್ತಿ ಮೇಲಕ್ಕೆ ಬಂದ್ರೇನೇ ಹಿಡೀತಿತ್ತು. ಇದು ಸ್ವಲ್ಪ ಎತ್ತಿದ್ರೆ ಸಾಕು. ಹೊಸ ಸೊಸೆ ಬಂದ ಹಾಗೆ, ಹೊಂದ್ಕೊಬೇಕು."

"ಯಾರು ಯಾರಿಗೆ ಹೊಂದ್ಕೊಬೇಕಪ್ಪಾ?"

"ಈಗಿನ ಕಾಲದಲ್ಲಿ ಅತ್ತೇನೇ ಮೇಡಂ."

ಅಮ್ಮ ನಗಲಿಲ್ಲ. ಆ ದಿನ ಮನೆಯವರೆಗೆ ನಾನೇ ಓಡಿಸಿದೆ. ದಾರಿಯುದ್ದಕ್ಕೂ ನಾನು ತಪ್ಪು ಮಾಡಿದೆನೇನೋ ಎಂದು ಯೋಚಿಸುತ್ತಿದ್ದೆ. ಹಳೆಯದನ್ನು ಹಾಗೇ ಉಳಿಸಿಕೊಡಬಹುದು ಎಂದು ನಾನು ನಂಬಿದ್ದೆ. ರಿಪೇರಿಯಿಂದ ಹಾಗಾಗುವುದಿಲ್ಲ ಎಂಬುದು ನನಗೆ ತೋಚಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಹೊರಗೆ ಎಂಜಿನ್ ಸದ್ದಾಯಿತು, ನಿಂತಿತು, ಮತ್ತೆ ಸದ್ದಾಯಿತು. ಅಮ್ಮ ಒಬ್ಬಳೇ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಬೇಡ ಅನ್ನಲಿಲ್ಲ. ಮನೆಯ ಮುಂದಿನ ರಸ್ತೆಯಲ್ಲಿ ಹೋಗಿ ಬಂದೆವು, ಹೋಗಿ ಬಂದೆವು. ಅಪ್ಪ ಗೇಟಿನಲ್ಲಿ ಪೇಪರ್ ಹಿಡಿದು ನಿಂತು, "ಬ್ರೇಕ್ ಬ್ರೇಕ್!" ಎಂದು ಕೂಗುತ್ತಿದ್ದರು.

"ರೀ, ನೀವು ಒಳಗೋಗಿ ಪೇಪರ್ ಓದ್ತೀರಾ, ಇಲ್ಲಾ ಬಂದು ನೀವೇ ಓಡಿಸ್ತೀರಾ?"

ಅಪ್ಪ ಒಳಗೆ ಹೋದರು.

ಎರಡು ಮೂರು ಭಾನುವಾರಗಳಾದ ಮೇಲೆ ಅವಳು ತಾನಾಗಿಯೇ ಕನಕಪುರ ರಸ್ತೆಗೆ ತಿರುಗಿಸಿದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಕಾರು ನಿಂತುಹೋಯಿತು. ಹಿಂದೆ ಹಾರ್ನು. ಬೈಕಿನವನೊಬ್ಬ ಪಕ್ಕಕ್ಕೆ ಬಂದು ಹೆಲ್ಮೆಟ್ಟಿನೊಳಗಿನಿಂದ ಕೂಗಿದ. "ಏನ್ ಆಂಟಿ, ಮನೇಲಿ ಅಡುಗೆ ಮಾಡ್ಕೊಂಡಿರೋದು ಬಿಟ್ಟು!"

ನಾನು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದೆ. ಅಮ್ಮ ಗಾಜು ಇಳಿಸಿದಳು.

"ಅಡುಗೆ ಮಾಡಿಟ್ಟೇ ಬಂದಿದ್ದೀನಪ್ಪ. ನೀನು ಹೋಗಿ ಊಟ ಮಾಡು."

ಕೀಲಿ ತಿರುಗಿಸಿದಳು. ಕಾಲನ್ನು ಸ್ವಲ್ಪವೇ ಎತ್ತಿದಳು. ಕಾರು ಹೊರಟಿತು. ಸಿಗ್ನಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಆ ಷೋರೂಮಿನ ಗಾಡೀಲಿ ಕ್ಲಚ್ಚೇ ಇರಲ್ಲ ಅಲ್ವಾ?"

"ಇರಲ್ಲ."

"ಹ್ಞೂಂ. ಇದು ಓಡೋವಷ್ಟು ದಿನ ಓಡ್ಲಿ. ಆಮೇಲೆ ಇನ್ನೊಂದ್ಸಲ ಹೋಗಿ ನೋಡೋಣ." ಗೇರು ಬದಲಿಸಿ, "ನಾವಿಬ್ರೇ. ಕೀಲಿ ನನ್ನ ಕೈಗೇ ಕೊಡು ಅಂತ ಮೊದಲೇ ಹೇಳು ಆ ಹುಡುಗಂಗೆ" ಅಂದಳು.

ಹೇಳುತ್ತೇನೆ ಎಂದೆ.