ಹರಾಜು ಶೆಡ್ಡಿನ ಗೋಡೆ

ನಮ್ಮಕ್ಕನಿಗೆ ಕೋಪ ಬರುವುದಿಲ್ಲ. ಮನೆಯ ಕೋಪವನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಿದ್ದೇನೆ. ಅದಕ್ಕೇ ಅವಳ ಕತೆಯನ್ನು ನಾನೇ ಹೇಳಬೇಕು. ಅವಳಿಗೆ ಬಿಟ್ಟರೆ ಎಲ್ಲರನ್ನೂ ಕ್ಷಮಿಸಿ ಕೈತೊಳೆದುಕೊಳ್ಳುತ್ತಾಳೆ.

ಅಕ್ಕ ಮೀನು ಸಂಶೋಧನಾಲಯದಲ್ಲಿ ರೋಗ ವಿಭಾಗದ ವಿಜ್ಞಾನಿ, ನಾನು ಅಲ್ಲೇ ಜೀಪಿನ ಡ್ರೈವರ್. ವಿಭಾಗ ಅಂದರೆ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಸದಾ ಸೋರುವ ಒಂದು ನಲ್ಲಿ. ಹಿನ್ನೀರಿನಲ್ಲಿ ಬಲೆಗೂಡು ಕಟ್ಟಿ ಮೀನು ಸಾಕುವವರು ಬೆಳಗಾದರೆ ಕಾಯಿಲೆಯ ಮೀನನ್ನು ಬಕೆಟ್ಟಿನಲ್ಲಿ ತಂದು ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಕ್ಕ ಅವರೆದುರೇ ಮೀನು ಕೊಯ್ದು, ಕಿವಿರು ಬಿಡಿಸಿ ತೋರಿಸುತ್ತಿದ್ದಳು. ಬಕೆಟ್ಟಿನಿಂದ ಬಕೆಟ್ಟಿಗೆ ಅದೇ ರೋಗ ಕಂಡರೆ ಕಾರಣ, ಲಕ್ಷಣ, ಮದ್ದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಮೀನಿನ ಹರಾಜು ಶೆಡ್ಡಿನ ಗೋಡೆಗೆ ಅಂಟಿಸುತ್ತಿದ್ದಳು. ಓದು ಬಾರದವರಿಗೆ ತಕ್ಕಡಿಯವನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಊರಿಗೆಲ್ಲ ಅವಳು ಮೀನಕ್ಕ.

ಹೀಗಿರುವಾಗ ಆ ವರದಿ ಬಂದು ವಕ್ಕರಿಸಿತು. ನಮ್ಮಂಥ ಸಣ್ಣ ಬಡ ದೇಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರು ಎಷ್ಟು ಸಂಶೋಧನಾ ಪ್ರಬಂಧ ಬರೆದರು ಅಂತ ಎಣಿಸಿದ ವರದಿ. ದೊಡ್ಡ ದೇಶಗಳ ಪತ್ರಿಕೆಗಳಲ್ಲಿ ಅಚ್ಚಾದದ್ದು ಮಾತ್ರ ಲೆಕ್ಕಕ್ಕೆ. ನಾವು ಕಟ್ಟಕಡೆಗೆ. ನಮಗಿಂತ ಸಣ್ಣದಾದ ಪಕ್ಕದ ದೇಶ ಎಲ್ಲೋ ಮೇಲೆ. ಮಂತ್ರಿಗಳು ನಿರ್ದೇಶಕರ ನೀರಿಳಿಸಿದರು. ನಿರ್ದೇಶಕರು ನೆಟ್ಟಗೆ ಅಕ್ಕನ ಕೋಣೆಗೆ ಬಂದರು.

"ನಿಮ್ಮ ವಿಭಾಗದಿಂದ ಒಂದೂ ಪ್ರಬಂಧ ಇಲ್ವಲ್ಲಮ್ಮ."

ಅಕ್ಕ ಗೋಡೆಯ ಹಾಳೆಯೊಂದನ್ನು ಮುಂದಿಟ್ಟಳು.

"ಇದು ಗೋಡೆಗೆ ಅಂಟಿಸೋ ಚೀಟಿ. ಇದನ್ನ ಯಾರು ಎಣಿಸ್ತಾರೆ?"

"ಮೀನು ಸಾಕೋರು ಎಣಿಸ್ತಾರೆ ಸರ್, ಬದುಕಿ ಉಳಿದ ಮೀನನ್ನ."

"ತಮಾಷೆ ಬೇಡ. ಮಳೆಗಾಲದೊಳಗೆ ಹೊರಗಿನ ಪತ್ರಿಕೇಲಿ ಒಂದು ಬರಬೇಕು. ಇಲ್ಲಾಂದ್ರೆ ಈ ಕೋಣೆಗೆ ಬೀಗ."

ಆ ಕೋಣೆಯೇ ಅವಳ ಜೀವ. ಊಟ ನಿದ್ದೆ ಬಿಟ್ಟು ಕಿವಿರು ಕೊಳೆಯುವ ರೋಗದ ಮೇಲೆ ಬರೆದು ಕಳಿಸಿದಳು. ವಾಪಸು ಬಂತು. ವಿಷಯ ತೀರಾ ಸ್ಥಳೀಯವಂತೆ, ಲೋಕಕ್ಕೆ ಆಸಕ್ತಿಯಿಲ್ಲವಂತೆ! ಅವರ ತಟ್ಟೆಗೆ ಹೋಗಿ ಬೀಳುವಾಗ ಮಾತ್ರ ನಮ್ಮ ಮೀನು ಲೋಕದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ಮಳೆ ಶುರುವಾಗುವ ಹೊತ್ತಿಗೆ ನಿರ್ದೇಶಕರು ಹೊರಗಿನ ಪತ್ರಿಕೆಯೊಂದನ್ನು ತಂದು ಅವಳ ಮೇಜಿನ ಮೇಲೆ ಬಡಿದರು. ಅದೇ ರೋಗದ ಮೇಲೆ ಪಕ್ಕದ ದೇಶದ ಪ್ರೊಫೆಸರ್ ಬರೆದ ಪ್ರಬಂಧ, ಜೊತೆಗೆ ದೊಡ್ಡ ದೇಶದವನೊಬ್ಬನ ಹೆಸರು.

"ನೋಡಿ ಕಲೀರಿ!"

ಓದುತ್ತ ಓದುತ್ತ ಅಕ್ಕನ ಮುಖ ಬಿಳಿಚಿಕೊಂಡಿತು. ಹಿಂದೊಮ್ಮೆ ಆ ಪ್ರೊಫೆಸರ್ ಫೋನ್ ಮಾಡಿ, ತಮ್ಮಲ್ಲೂ ಮೀನು ಸಾಯುತ್ತಿವೆ ಅಂದಿದ್ದ. ಪಾಪ ಅಂತ ಇವಳು ಗೋಡೆಯ ಹಾಳೆಗಳನ್ನೆಲ್ಲ ಕಳಿಸಿದ್ದಳು. ಆ ಹಾಳೆಗಳೇ ಈಗ ಸೂಟು ಬೂಟು ಹಾಕಿಕೊಂಡು ಬಂದಿದ್ದವು. ಕೊನೆಯಲ್ಲಿ ಒಂದು ಸಾಲು: ಮಾಹಿತಿ ನೀಡಿದ ಮೀನುಗಾರ ಮಹಿಳೆಗೆ ಕೃತಜ್ಞತೆ.

"ಸರ್, ಇದು ನನ್ನ ಕೆಲಸ," ಅಂದಳು ಅಕ್ಕ.

ನಿರ್ದೇಶಕರು ಹೌಹಾರಿದರು. "ಅಯ್ಯೋ, ನೀವೇ ಕೊಟ್ರಾ? ನಮ್ಮ ದೇಶಕ್ಕೆ ಸೇರಬೇಕಾದ ಅಂಕಾನ ಅವರ ಕೈಗಿಟ್ರಲ್ಲಮ್ಮ!"

ಕಳ್ಳನ ಮೇಲೆ ಅವರಿಗೆ ಒಂಚೂರೂ ಸಿಟ್ಟಿಲ್ಲ. ಕಳಕೊಂಡವಳ ಮೇಲೆ ಕೆಂಡಾಮಂಡಲ. ಇಂಥವರ ಜೀಪನ್ನು ನಾನು ಇಷ್ಟು ವರ್ಷ ಓಡಿಸಿದೆನಲ್ಲ!

ಸೂಕ್ಷ್ಮದರ್ಶಕ ಉಗ್ರಾಣ ಸೇರಿತು. ಕೋಣೆಗೆ ಹೊಸ ಬಣ್ಣ ಬಳಿದು, ಕುರ್ಚಿ ಮೇಜು ಹಾಕಿ, 'ಶ್ರೇಯಾಂಕ ಘಟಕ' ಅಂತ ಬೋರ್ಡು ತೂಗುಹಾಕಿದರು. ನಲ್ಲಿ ಮಾತ್ರ ಸೋರುತ್ತಲೇ ಇತ್ತು. ಅಕ್ಕನಿಗೆ ಅಲ್ಲೇ ಕೆಲಸ, ಯಾವ ದೇಶದ್ದು ಎಷ್ಟು ಪ್ರಬಂಧ ಅಂತ ಎಣಿಸುವುದು. ಅವಳ ಹಾಳೆಗಳಿಂದ ಹುಟ್ಟಿದ ಪ್ರಬಂಧವನ್ನು ಪಕ್ಕದ ದೇಶದ ಲೆಕ್ಕಕ್ಕೆ ಅವಳ ಕೈಯಿಂದಲೇ ಬರೆಸಿದರು.

ರೋಗ ವಿಭಾಗ ಮುಚ್ಚಿದ ಸುದ್ದಿ ತಿಳಿಯದ ಹೆಂಗಸೊಬ್ಬಳು ಒಂದು ಬೆಳಿಗ್ಗೆ ಬಕೆಟ್ಟು ಹಿಡಿದು ಬಂದಳು.

"ಮೀನಕ್ಕ, ಗೂಡಿಗೆ ಗೂಡೇ ಸಾಯ್ತಾ ಇದೆ. ಇದು ಹಳೇ ರೋಗ ಅಲ್ಲಕ್ಕ."

ಅಕ್ಕ ಬಕೆಟ್ಟಿಗೆ ಕೈಹಾಕಿ ಒಂದು ಮೀನನ್ನು ಎತ್ತಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಜೀಪಲ್ಲಿ ಚಾಕು ಇದೆಯೇನೋ? ತಗೊಂಡು ಬಾ. ಉಗ್ರಾಣದಿಂದ ಸೂಕ್ಷ್ಮದರ್ಶಕಾನೂ ತಾ," ಅಂದಳು. ಮೇಜಿನ ಮೇಲೆ ಮಂತ್ರಿಗಳಿಗೆ ಕಳಿಸಬೇಕಾದ ಹೊಸ ವರದಿ ಮಿರಮಿರ ಮಿಂಚುತ್ತಿತ್ತು. ಅದನ್ನೇ ಅಗಲಿಸಿ, ಅದರ ಮೇಲೆ ಮೀನು ಮಲಗಿಸಿ, ಹೊಟ್ಟೆ ಸೀಳಿದಳು.

ನಿರ್ದೇಶಕರು ಓಡಿಬಂದರು. "ಏನಮ್ಮ ಇದು? ತಲೆ ನೆಟ್ಟಗಿದೆಯಾ?"

"ಸಂಶೋಧನೆ ಸರ್," ಅಂದಳು ಅಕ್ಕ, ತಲೆ ಎತ್ತದೆ. "ಬೆಳಕಿಗೆ ಅಡ್ಡ ನಿಂತಿದ್ದೀರಿ. ಆಚೆ ಸರೀರಿ."

ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ರೋಗದ ಮೂಲ ಸಿಗುವ ಹೊತ್ತಿಗೆ ಸಂಜೆಯಾಗಿತ್ತು, ಅಮಾನತಿನ ಆದೇಶವೂ ಕೈಸೇರಿತು. ವರದಿ ಹಾಳುಮಾಡಿದ್ದು ಅಪರಾಧ ಅಂತ ಬರೆದಿತ್ತು. ಮೀನು ಯಾಕೆ ಸಾಯುತ್ತಿವೆ ಅಂತ ಒಂದಕ್ಷರ ಇರಲಿಲ್ಲ. ಅಕ್ಕ ಓದಿ ಮುಗಿಸಿ, ಹಾಳೆಯನ್ನು ಮಗುಚಿ ನೋಡಿದಳು. ಹಿಂಬದಿ ಖಾಲಿ ಇತ್ತು.

"ಪೆನ್ನು ಕೊಡೋ," ಅಂದಳು.

ಹೊಸ ರೋಗದ ಲಕ್ಷಣ, ಕಾರಣ, ಮದ್ದು ಎಲ್ಲ ಅದರ ಮೇಲೆ ಹಿಡಿಸಿತು. ಹರಾಜು ಶೆಡ್ಡಿನ ಗೋಡೆಗೆ ನಾನೇ ಅಂಟಿಸಿದೆ. ಯಾರು ಕಿತ್ತರೂ ಬರಬಾರದು, ಅಷ್ಟು ಗೋಂದು ಬಳಿದೆ.